ಟ್ಯೂರಿನ್ ಬಟ್ಟೆಯ ಬಣ್ಣ: ಬಳಿದು, ಸುಟ್ಟು, ಉಜ್ಜಿ ನೋಡಿದೆ

ಬಟ್ಟೆಗೆ ಬಣ್ಣ ಹಾಕುವುದು ನನ್ನ ಕಸುಬು. ಬಣ್ಣ ಒಳಗಿಳಿಯಲಿ, ಎಳೆಎಳೆಗೂ ಹಿಡಿಯಲಿ ಅಂತ ದಿನವಿಡೀ ಒದ್ದಾಡುತ್ತೇವೆ. ಅದಕ್ಕೇ ಟ್ಯೂರಿನ್ ಬಟ್ಟೆಯ ಬಗ್ಗೆ ಓದಿದಾಗ ಒಂದು ವಿಷಯ ತಲೆಯಿಂದ ಹೋಗಲೇ ಇಲ್ಲ. ಅಲ್ಲಿ ಬಣ್ಣ ಒಳಗಿಳಿದೇ ಇಲ್ಲ. ದಾರದ ಮೇಲ್ಭಾಗದ ಕೆಲವೇ ನಾರುಗಳು ಹಳದಿಯಾಗಿವೆ, ಕೆಳಗಿನವು ಹಾಗೇ ಇವೆ.

ಇಟಲಿಯ ಟ್ಯೂರಿನ್ ನಗರದ ಕೆಥೆಡ್ರಲ್‌ನಲ್ಲಿರುವ ಈ ಲಿನನ್ ಬಟ್ಟೆ ಸುಮಾರು 4.4 ಮೀಟರ್ ಉದ್ದ, 1.1 ಮೀಟರ್ ಅಗಲ. ಮೀನಿನ ಮುಳ್ಳಿನಂಥ ನೇಯ್ಗೆ. ಯೇಸುವಿನ ದೇಹಕ್ಕೆ ಹೊದಿಸಿದ್ದು ಇದನ್ನೇ ಎಂದು ಎಷ್ಟೋ ಜನ ನಂಬುತ್ತಾರೆ. ಗಡ್ಡವಿರುವ ಗಂಡಸೊಬ್ಬನ ಮೈಯ ಗುರುತು, ಮುಂದಿನದೂ ಹಿಂದಿನದೂ, ತಿಳಿ ಕಂದಾಗಿ ಮೂಡಿದೆ. 1898ರಲ್ಲಿ ಸೆಕೊಂಡೊ ಪಿಯಾ ಅದರ ಫೋಟೊ ತೆಗೆದರು. ನೆಗೆಟಿವ್‌ನಲ್ಲಿ ಆ ಮುಖ ನಿಜವಾದ ಮನುಷ್ಯನ ಮುಖದ ಹಾಗೆ ಎದ್ದು ಬಂತು.

ಇದು ಹೇಗೆ ಮೂಡಿತು ಅನ್ನುವುದಕ್ಕೆ ನಾಲ್ಕೈದು ವಾದಗಳಿವೆ. ನಾಲ್ಕನ್ನು ಮನೆಯಲ್ಲೇ ಮಾಡಿ ನೋಡಿದೆ. ನನ್ನ ಹತ್ತಿರ ಇದ್ದದ್ದು ಭೂತಗನ್ನಡಿ, ನೆಗೆಟಿವ್ ನೋಡಲು ಮೊಬೈಲ್, ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚ್. ಮೊದಲು ತಂದ ಲಿನನ್ ಟಾರ್ಚ್ ಬೆಳಕಿಗೆ ನೀಲಿಯಾಗಿ ಹೊಳೆಯಿತು. ಬ್ಲೀಚ್ ಮಾಡಿಲ್ಲ ಅಂತ ಅಂಗಡಿಯವರು ಹೇಳಿದ್ದರೂ ಅದಕ್ಕೆ ಬೆಳ್ಳಗೆ ಹೊಳೆಯುವಂತೆ ಮಾಡುವ ಪುಡಿ ಹಾಕಿದ್ದರು. ಅದನ್ನು ಬಿಟ್ಟು, ಬೂದುಬಣ್ಣದ ಕಚ್ಚಾ ಲಿನನ್ ಹುಡುಕಿ ತಂದೆ.

ಮೊದಲು ಬಳಿಯುವ ದಾರಿ. ಸೂಕ್ಷ್ಮದರ್ಶಕದ ತಜ್ಞ ವಾಲ್ಟರ್ ಮೆಕ್ರೋನ್ ಆ ಬಟ್ಟೆಯಿಂದ ಅಂಟುಪಟ್ಟಿಯಲ್ಲಿ ಎತ್ತಿದ ನಾರುಗಳನ್ನು ನೋಡಿ, ಇದು ಕೆಮ್ಮಣ್ಣು, ಇಂಗಳೀಕದ ಚಿತ್ರ ಎಂದರು. ನಾನು ಕೆಮ್ಮಣ್ಣನ್ನು ತೆಳು ಜೆಲಾಟಿನ್ ನೀರಿನಲ್ಲಿ ಕಲಸಿ ಬಳಿದೆ. ಎಷ್ಟು ತೆಳುವಾಗಿ ಬಳಿದರೂ ನೀರು ದಾರದೊಳಗೆ ಇಳಿಯಿತು, ಪುಡಿ ನಾರಿನ ಸಂದಿಯಲ್ಲಿ ಕೂತಿತು. ನೆಗೆಟಿವ್ ಅಂತೂ ವಿಕಾರವಾಗಿತ್ತು. ನೆರಳು ಎಲ್ಲಿರಬೇಕೋ ಅಲ್ಲಿ ಬಣ್ಣ ಹಾಕುವುದು ಕೈಗೆ ಅಭ್ಯಾಸ. ಅದನ್ನು ತಿರುಗುಮುರುಗು ಮಾಡಿ ಬಳಿಯುವುದು ನನ್ನಿಂದ ಆಗಲಿಲ್ಲ.

ಸುಡುವುದು ಇದಕ್ಕಿಂತ ಸುಲಭ. ಗೋಡೆಗೆ ನೇತುಹಾಕುವ ಹಿತ್ತಾಳೆಯ ಉಬ್ಬು ಮುಖವನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಲಿನನ್ ಹೊದಿಸಿ, ಒದ್ದೆ ಬಟ್ಟೆಯಿಂದ ಒತ್ತಿದೆ. ಮೂರೇ ಸೆಕೆಂಡಿಗೆ ಇಸ್ತ್ರಿ ಸೀದ ವಾಸನೆ. ಬಟ್ಟೆ ಎತ್ತಿದರೆ ಮೂಗು, ಹುಬ್ಬು, ಗದ್ದ ಕಂದಾಗಿ ಬಂದಿದ್ದವು. ನೆಗೆಟಿವ್ ನೋಡಿ ಮೈ ಜುಂ ಎಂದಿತು, ಅಷ್ಟು ಚೆನ್ನಾಗಿತ್ತು. ಆದರೆ ಮೂಗಿನ ತುದಿಯಲ್ಲಿ ಸುಟ್ಟ ಗುರುತು ಹಿಂಬದಿಗೂ ದಾಟಿತ್ತು. ಲೋಹ ತಾಗದ ಕೆನ್ನೆಯ ತಗ್ಗು ಪೂರಾ ಖಾಲಿ. ಟಾರ್ಚ್ ಹಿಡಿದರೆ ಸೀದ ಅಂಚಿನಲ್ಲಿ ಮಂಕಾದ ಹಳದಿ ಹೊಳಪು. ಈ ಹೊಳಪೇ ತೊಡಕು. ಟ್ಯೂರಿನ್ ಬಟ್ಟೆ 1532ರಲ್ಲಿ ಶಾಂಬೆರಿ ಎಂಬ ಊರಿನ ಬೆಂಕಿಯಲ್ಲಿ ಸೀದಿತ್ತು. 1978ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡ ಸುಮಾರು 120 ಗಂಟೆ ಪರೀಕ್ಷೆ ಮಾಡಿದಾಗ ಆ ಸುಟ್ಟ ಗುರುತುಗಳು ಅಲ್ಟ್ರಾವಯಲೆಟ್‌ನಲ್ಲಿ ಕೆಂಪಗೆ ಹೊಳೆದವು. ಮೈಯ ಗುರುತು ಹೊಳೆಯಲಿಲ್ಲ.

ಮೂರನೆಯದು ಉಜ್ಜುವುದು. 2009ರಲ್ಲಿ ಪಾವಿಯಾದ ರಸಾಯನಶಾಸ್ತ್ರಜ್ಞ ಲುಯಿಜಿ ಗಾರ್ಲಸ್ಕೆಲ್ಲಿ ಮನುಷ್ಯನ ಮೈಮೇಲೆ, ಮುಖಕ್ಕೆ ಮಾತ್ರ ಉಬ್ಬು ಅಚ್ಚಿನ ಮೇಲೆ ಲಿನನ್ ಹೊದಿಸಿ, ಕೆಮ್ಮಣ್ಣು ಉಜ್ಜಿ, ಕಾಯಿಸಿ ತೊಳೆದಿದ್ದರು. ಪುಡಿಯಲ್ಲಿದ್ದ ಆಮ್ಲ ನಾರನ್ನು ಸುಟ್ಟು, ಪುಡಿ ಹೋದರೂ ಗುರುತು ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ನಾನು ಆಮ್ಲಕ್ಕೆ ಒಂದೆರಡು ಹನಿ ನಿಂಬೆರಸ ಹಾಕಿದೆ. ಅದೇ ಹಿತ್ತಾಳೆ ಮುಖದ ಮೇಲೆ ಬಟ್ಟೆ ಬಿಗಿದು, ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿ, ಓವನ್‌ನಲ್ಲಿ ಎರಡು ಗಂಟೆ ಕಾಯಿಸಿ ತೊಳೆದೆ. ತಿಳಿ ಕಂದು ಉಳಿಯಿತು. ಕೆನ್ನೆಯ ತಗ್ಗೂ ಬಂತು, ನೆಗೆಟಿವೂ ಸರಿಯಾಗಿತ್ತು. ನಿಂಬೆರಸ ಜಾಸ್ತಿ ಬಿದ್ದ ಹಣೆಯಲ್ಲಿ ಮಾತ್ರ ಬಣ್ಣ ದಾರದ ಒಳಗೂ ಹೋಗಿತ್ತು. ನೋಟಕ್ಕೆ ಟ್ಯೂರಿನ್‌ಗೆ ತೀರಾ ಹತ್ತಿರ ಬಂದದ್ದು ಇದೇ.

ನಾಲ್ಕನೆಯದು 1978ರ ತಂಡದಲ್ಲಿದ್ದ ರೇಮಂಡ್ ರೋಜರ್ಸ್ ಅವರ ವಾದ. ಹಿಂದೆ ಲಿನನ್ನಿಗೆ ಗಂಜಿ ಹಾಕಿ, ನೊರೆ ಬರುವ ಗಿಡದ ರಸದಲ್ಲಿ ತೊಳೆಯುತ್ತಿದ್ದರು, ಒಣಗುವಾಗ ಅದೆಲ್ಲ ಮೇಲ್ಮೈಗೆ ಬರುತ್ತದೆ, ಶವದಿಂದ ಬಂದ ಆವಿ ಆ ತೆಳು ಪದರವನ್ನು ಹಳದಿ ಮಾಡಿತು ಎಂದರು. ನಮ್ಮಲ್ಲಿ ಅಂಟುವಾಳ ಇದೆಯಲ್ಲ! ಅಂಟುವಾಳದ ನೊರೆ, ಗಂಜಿ, ಚೂರು ಗ್ಲೂಕೋಸ್ ಹಾಕಿ ಬಿಸಿಲಲ್ಲಿ ಒಣಗಿಸಿದೆ. ಬಿಸಿಲು ತಾಗಿದ ಬದಿಯೇ ಜಾಸ್ತಿ ಗರಿಗರಿ. ಮುಚ್ಚಿದ ಡಬ್ಬಿಯಲ್ಲಿ ಅಮೋನಿಯಾ ಆವಿಗೆ ಇಟ್ಟೆ, ಎರಡು ದಿನಕ್ಕೆ ಹಳದಿ ಹತ್ತಿತು. ಮೇಲ್ಪದರದಲ್ಲೇ ನಿಂತ ಬಣ್ಣ ಇದೊಂದೇ. ಆದರೆ ಆಕಾರವೇ ಇಲ್ಲ, ಸುಮ್ನೆ ಹರಡಿದ ಕಲೆ. ಆವಿ ಮೂಗಿಗೊಂದು, ಕೆನ್ನೆಗೊಂದು ಅಳತೆ ನೋಡಿ ಏಳುವುದಿಲ್ಲ ಅಲ್ವಾ?

ವಯಸ್ಸನ್ನು ಮನೆಯಲ್ಲಿ ನೋಡಲಾಗದು. ಅಲ್ಲಿಯೂ ಎರಡು ವಿಧಾನಗಳ ಜಗಳವಿದೆ. 1988ರಲ್ಲಿ ಬಟ್ಟೆಯ ಒಂದು ಮೂಲೆಯಿಂದ ಕತ್ತರಿಸಿದ ತುಂಡನ್ನು ಆಕ್ಸ್‌ಫರ್ಡ್, ಜ್ಯೂರಿಕ್, ಅರಿಝೋನಾದ ಮೂರು ಲ್ಯಾಬ್‌ಗಳು ಬೇರೆಬೇರೆಯಾಗಿ ಕಾರ್ಬನ್ ಪರೀಕ್ಷೆ ಮಾಡಿದವು. ಬಂದ ಉತ್ತರ ಕ್ರಿ.ಶ. 1260ರಿಂದ 1390ರ ನಡುವೆ, ಶೇ 95 ಖಾತ್ರಿಯೊಂದಿಗೆ. 2005ರಲ್ಲಿ ರೋಜರ್ಸ್, ಆ ಮೂಲೆ ಆಮೇಲೆ ರಿಪೇರಿಯಾದ ಜಾಗ ಎಂದರು. ಬಟ್ಟೆಯ ಉಳಿದ ಭಾಗದ ಲಿಗ್ನಿನ್‌ನಲ್ಲಿ (ನಾರಿನಲ್ಲಿರುವ ಮರದಂಥ ಅಂಶ) ವೆನಿಲಿನ್ ಎಂಬ, ಕಾಲ ಕಳೆದಂತೆ ಹೋಗುವ ರಾಸಾಯನಿಕ ಉಳಿದಿಲ್ಲ, ಹಾಗಾಗಿ ವಯಸ್ಸು 1300ರಿಂದ 3000 ವರ್ಷ ಎಂದು ಲೆಕ್ಕ ಹಾಕಿದರು. ನನಗೆ ಇದು ಒಪ್ಪಿಗೆಯಾಗಲಿಲ್ಲ. ವೆನಿಲಿನ್ ಎಷ್ಟು ಬೇಗ ಹೋಗುತ್ತದೆ ಅನ್ನುವುದು ಬಟ್ಟೆ ಎಷ್ಟು ಬಿಸಿ ಕಂಡಿದೆ ಅನ್ನುವುದರ ಮೇಲಿದೆ. ಒಂದೇ ಮದುವೆಯ ಎರಡು ಸೀರೆ ನಮ್ಮ ಮನೆಯಲ್ಲಿವೆ. ಕಿಟಕಿ ಪಕ್ಕದ ಬೀರುವಿನದು ಮಡಿಕೆಯಲ್ಲಿ ಹರಿಯುತ್ತಿದೆ, ಟ್ರಂಕಿನಲ್ಲಿದ್ದದ್ದು ಇನ್ನೂ ಗಟ್ಟಿ. ಶಾಂಬೆರಿಯಲ್ಲಿ ಬೆಳ್ಳಿ ಕರಗುವಷ್ಟು ಬೆಂಕಿಯನ್ನು ದಾಟಿ ಬಂದ ಬಟ್ಟೆಯ ವಯಸ್ಸನ್ನು ಹೀಗೆ ಹೇಳುವುದು ಕಷ್ಟ. ಕಾರ್ಬನ್ನಿನ ತಾರೀಖು ಹಳೆಯ ಕಾಗದಕ್ಕೂ ಹೊಂದುತ್ತದೆ. ಬಟ್ಟೆ ಫ್ರಾನ್ಸಿನ ಲಿರೆಯಲ್ಲಿ ಮೊದಲು ಕಾಣಿಸಿದ್ದು 1350ರ ದಶಕದಲ್ಲಿ. ಅದನ್ನು ಮಾಡಿದ ಕಲಾವಿದನೇ ಒಪ್ಪಿಕೊಂಡಿದ್ದ ಎಂದು ಬಿಷಪ್ ಪಿಯರ್ ದಾರ್ಸಿ 1389ರಲ್ಲಿ ಬರೆದಿದ್ದಾರೆ. ಬಣ್ಣದ ಗುಟ್ಟು ಬಿಡಿಸದಿದ್ದರೂ ಈ ತಾರೀಖು ಅಲುಗುವುದಿಲ್ಲ.

ಈಗ ಇನ್ನೊಂದು ಲಿನನ್ ತುಂಡಿಗೆ ಅಂಟುವಾಳ, ಗಂಜಿ ಹಾಕಿ ಬಿಸಿಲಿಗೆ ಹರವಿದ್ದೇನೆ. ಒಣಗಿದ ಮೇಲೆ ಈ ಸಲ ನಿಂಬೆರಸ ಬಿಟ್ಟು, ಒಣ ಕೆಮ್ಮಣ್ಣನ್ನೇ ಉಜ್ಜಿ ಕಾಯಿಸುತ್ತೇನೆ. ಬಣ್ಣ ಗಂಜಿಯ ಪದರದಲ್ಲೇ ನಿಲ್ಲುತ್ತದೋ ನೋಡಬೇಕು.