ಮನೆಯಂಗಳದ ಬಚ್ಚಲು ಗುಂಡಿ: ಮಣ್ಣು ನೋಡಿ ತೋಡಿಸಬೇಕಾದ ಕಾಮಗಾರಿ

ನರೇಗಾ (ಗ್ರಾಮೀಣ ಉದ್ಯೋಗ ಖಾತರಿ) ಯೋಜನೆಯಡಿ ನಮ್ಮ ಹಳ್ಳಿಗಳಲ್ಲಿ ನಿರ್ಮಾಣವಾದ, ಬಚ್ಚಲು ನೀರನ್ನು ಅಂಗಳದಲ್ಲಿಯೇ ಇಂಗಿಸುವ ಬಚ್ಚಲು ಗುಂಡಿಗಳ ಪೈಕಿ ಎರಡನ್ನು ನಾನು ಹತ್ತಿರದಿಂದ ಬಲ್ಲೆ. ಒಂದು ಶಿರಾ ತಾಲ್ಲೂಕಿನ ಕೆಂಪು ಮಣ್ಣಿನ ಊರಿನಲ್ಲಿರುವ ನಮ್ಮ ತಾಯಿಯ ಮನೆಯದು. ಇನ್ನೊಂದು ಶಹಾಪುರ ತಾಲ್ಲೂಕಿನ ಎರೆಭೂಮಿಯಲ್ಲಿರುವ ಅಕ್ಕನ ಮನೆಯದು. ಮೊದಲನೆಯದು ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಎರಡನೆಯದು ಮೊದಲ ಮಳೆಗಾಲದಲ್ಲಿಯೇ ಕೈಕೊಟ್ಟಿತು.

ಸುಮಾರು ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ನಡುವೆ ಅದಕ್ಕಿಂತ ಸಣ್ಣವು, ಮೇಲೆ ಜಲ್ಲಿ ತುಂಬಿ ಮುಚ್ಚುತ್ತಾರೆ. ಸ್ನಾನದ ನೀರು, ಬಟ್ಟೆ ಒಗೆದ ನೀರು, ಮುಸುರೆ ನೀರು ಎಲ್ಲವೂ ಪೈಪಿನಲ್ಲಿ ಹರಿದು ಬಂದು ಸುತ್ತಲಿನ ಮಣ್ಣಿಗೆ ಇಂಗುತ್ತವೆ. ಕೊಳೆಯನ್ನು ಮಣ್ಣಿನ ಸೂಕ್ಷ್ಮಜೀವಿಗಳು ಅರಗಿಸುತ್ತವೆ. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನ ಗುರಿಯಂತೆ ತಲಾ 55 ಲೀಟರ್ ಲೆಕ್ಕದಲ್ಲಿ ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ನೀರು ಬಂದರೆ, ಅದರ ಬಹುಪಾಲು ಬಚ್ಚಲಿಗೇ ಸೇರುತ್ತದೆ. ಕಲ್ಲು ತುಂಬಿದ ಗುಂಡಿಯಲ್ಲಿ ನೀರಿಗೆ ಉಳಿಯುವ ಜಾಗ ಅರ್ಧಕ್ಕಿಂತ ಕಡಿಮೆಯಾದ್ದರಿಂದ, ಅಂದಿನ ನೀರು ಅಂದೇ ಇಂಗದಿದ್ದರೆ ಎರಡು ಮೂರು ದಿನಗಳಲ್ಲಿ ಗುಂಡಿ ತುಂಬಿ ಉಕ್ಕುವುದು ಖಂಡಿತ.

ಅಕ್ಕನ ಮನೆಯಲ್ಲಿ ಆದದ್ದು ಇದೇ. ಎರೆಮಣ್ಣು ನೀರು ಕುಡಿದು ಉಬ್ಬಿ ತನ್ನ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ ಎಂಬುದು ಅಲ್ಲಿನ ಪ್ರತಿಯೊಬ್ಬ ರೈತನಿಗೂ ಗೊತ್ತಿರುವಾಗ, ಕೆಂಪು ಮಣ್ಣಿಗೆ ಹೊಂದುವ ಅಳತೆಯಲ್ಲಿಯೇ ಅಲ್ಲಿಯೂ ಗುಂಡಿ ತೋಡಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಅಂಥ ನೆಲದಲ್ಲಿ ನೀರನ್ನು ಕೈತೋಟದ ಬಾಳೆ, ಕೆಸುವಿನ ಬುಡಕ್ಕೆ ಹರಿಸುವುದೇ ಮೇಲು.

ಶಿರಾದ ಗುಂಡಿ ಬಾಳಿಕೆ ಬಂದದ್ದಕ್ಕೆ ಮಣ್ಣಿನಷ್ಟೇ ಮುಖ್ಯವಾದ ಕಾರಣ, ಮೇಸ್ತ್ರಿ ಗುಂಡಿಗೆ ಮುಂಚೆ ಕಟ್ಟಿದ ಸಣ್ಣ ಚೇಂಬರ್. ಅದರ ಮುಚ್ಚಳ ತೆಗೆದರೆ ಮೇಲೆ ಬೂದುಬಣ್ಣದ ಜಿಡ್ಡಿನ ಕೆನೆ, ಅದರಲ್ಲಿ ಸಿಕ್ಕಿಕೊಂಡ ಕೂದಲು ಮತ್ತು ಅನ್ನದ ಅಗುಳು, ತಳದಲ್ಲಿ ಪಾತ್ರೆ ಉಜ್ಜಿದ ಬೂದಿ ಕಾಣುತ್ತವೆ. ಅಮ್ಮ ಅದನ್ನು ಆಗಾಗ ಹಳೆಯ ಮಗ್ಗಿನಲ್ಲಿ ಎತ್ತಿ ತಿಪ್ಪೆಗೆ ಹಾಕುತ್ತಾರೆ. ಚೇಂಬರ್ ಇಲ್ಲದಿದ್ದರೆ ಈ ಕಸವೆಲ್ಲ ಕಲ್ಲುಗಳ ಸಂದಿಗೆ ಸೇರಿ, ಇಡೀ ಗುಂಡಿಯನ್ನು ಬಗೆದು ಕಲ್ಲು ತೊಳೆಯಬೇಕಾಗುತ್ತದೆ. ಖರ್ಚು ಉಳಿಸಲು ಚೇಂಬರ್ ಕೈಬಿಡೋಣ ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ.

ಆರೋಗ್ಯದ ದೃಷ್ಟಿಯಿಂದ ಬಚ್ಚಲು ಗುಂಡಿಯ ಪ್ರಯೋಜನ ದೊಡ್ಡದು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು, ಗುಂಡಿ ಇಲ್ಲದ ಮನೆಗಳ ಸುತ್ತ ನಿಲ್ಲುವಂಥ ಕೊಳಚೆ ನೀರಿನಲ್ಲಿ. ಕಲಬುರಗಿ, ಯಾದಗಿರಿ ಭಾಗವನ್ನು ಈ ರೋಗ ಬಹುಕಾಲದಿಂದ ಕಾಡಿದೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ತೊಟ್ಟಿ, ಡ್ರಮ್ಮುಗಳ ತಿಳಿನೀರಿನಲ್ಲಿ ಬೆಳೆಯುವುದರಿಂದ, ಗುಂಡಿ ಇದೆಯೆಂದು ಅವುಗಳನ್ನು ತೆರೆದಿಡುವಂತಿಲ್ಲ. ಶೌಚಾಲಯದ ಪೈಪನ್ನು ಎಂದಿಗೂ ಈ ಗುಂಡಿಗೆ ಜೋಡಿಸಬಾರದು. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್ ಅಂತರವೂ ಇರಬೇಕು.

ನನ್ನ ದೊಡ್ಡ ಆಕ್ಷೇಪವೆಂದರೆ, ಇದು ಅಂಗಳ ಇದ್ದವರಿಗೆ ಮಾತ್ರ ದಕ್ಕುವ ಸೌಲಭ್ಯ. ಗೋಡೆಗೆ ಗೋಡೆ ತಾಗಿದ ಬಡವರ ಓಣಿಗಳಲ್ಲಿ ಗುಂಡಿ ತೋಡಲು ಜಾಗವೇ ಇಲ್ಲ. ಅಲ್ಲಿನ ಬಚ್ಚಲು ನೀರು ಈಗಲೂ ಮಕ್ಕಳು ಆಡುವ ದಾರಿಯಲ್ಲಿಯೇ ಹರಿಯುತ್ತದೆ. ಅಂಥ ಓಣಿಗಳಿಗೆ ಮುಚ್ಚಿದ ಚರಂಡಿ ಮಾಡಿ, ಅದರ ಕೊನೆಯಲ್ಲಿ ದೊಡ್ಡ ಚೇಂಬರ್ ಸಹಿತ ಸಾಮೂಹಿಕ ಇಂಗುಗುಂಡಿ ನಿರ್ಮಿಸಬೇಕೆಂಬ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಎತ್ತಿ, ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಬರೆಸುವುದು ಅಗತ್ಯ.