ಹಳೇ ಶಿಕಾರಿ ರೈಫಲ್ ಕೊಳ್ಳುವವರೇ, ಬ್ಯಾರಲ್ಲಿನಲ್ಲಿ ಒಣ ಬಟ್ಟೆ ಎಳೆದು ನೋಡದೆ ಮುಂಗಡ ಕೊಡಬೇಡಿ

ಬೆಳಗಾವಿ, ಗೋಕಾಕ, ಬೈಲಹೊಂಗಲ ಕಡೆ ಲೈಸನ್ಸ್ ಇಟ್ಟುಕೊಂಡು ಹಳೇ 315 (ಬ್ಯಾರಲ್, ಅಂದರೆ ನಳಿಗೆಯ ಅಳತೆ) ರೈಫಲ್ ಹುಡುಕುತ್ತಿರುವವರು ಇದನ್ನು ಪೂರ್ತಿ ಓದಿ. ನನ್ನ ದುಡ್ಡು ಹೋಯಿತು. ದುಡ್ಡಿಗಿಂತ ಜಾಸ್ತಿ, ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲುವಂತಾಯಿತು. ಇನ್ನೂ ಸಿಟ್ಟು ಇಳಿದಿಲ್ಲ. ಬರೆಯುವಾಗ ಮಾತು ಹಿಂದೆ ಮುಂದೆ ಆದರೆ ಹೊಂದಿಸಿಕೊಂಡು ಓದಿ.

ಮಾಲು ಇಂಗ್ಲೆಂಡಿನ ಬಿಎಸ್‌ಎ ಕಂಪನಿಯ 315 ಬೋಲ್ಟ್ ರೈಫಲ್, ಅಂದರೆ ಹಿಂದಿನ ಬೋಲ್ಟನ್ನು ಕೈಯಿಂದ ಎಳೆದು ತಳ್ಳಿ ಗುಂಡು ತುಂಬುವಂಥದ್ದು. ಮಿಲಿಟರಿಯ 303 ನಮ್ಮಂಥವರಿಗೆ ಇವತ್ತಿಗೂ ನಿಷಿದ್ಧ, ಅದಕ್ಕೇ 315ಕ್ಕೆ ಇಷ್ಟು ಬೇಡಿಕೆ. ಇಷಾಪುರದ ಸರಕಾರಿ ಕಾರ್ಖಾನೆಯ 315 ಕೂಡ ಸಿಗುತ್ತದೆ. ಆದರೆ ಹಳೇ ಇಂಗ್ಲೆಂಡ್ ಮಾಲಿನ ಆಸೆಯೇ ಬೇರೆ, ಇಟ್ಟುಕೊಂಡವರಿಗೆ ಗೊತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಬಂದೂಕುಗಳು ದೊಡ್ಡ ಮನೆಗಳ ಪೆಟ್ಟಿಗೆಯಲ್ಲಿ ಉಳಿದವು. ಈಗ ಮೊಮ್ಮಕ್ಕಳಿಗೆ ಲೈಸನ್ಸ್ ರಿನ್ಯೂವಲ್ ಮಾಡಿಸುವುದೇ ತಲೆನೋವು. ಒಂದೊಂದಾಗಿ ಹೊರಗೆ ಬರುತ್ತಿವೆ. ನಡುವೆ ನಿಂತು ವ್ಯವಹಾರ ಕುದುರಿಸುವವರೂ ಹುಟ್ಟಿಕೊಂಡಿದ್ದಾರೆ. ನನಗೆ ತಗುಲಿಕೊಂಡದ್ದು ಅಂಥವರಲ್ಲೇ ಒಬ್ಬರು.

ಗೋಕಾಕ ಕಡೆಯ ಒಂದು ಹಳ್ಳಿ. ಹಳೇ ವಾಡೆ. ನಮ್ಮನ್ನು ಕರೆದುಕೊಂಡು ಹೋದದ್ದೇ ಕತ್ತಲಾಗುವ ಹೊತ್ತಿಗೆ. ಹಗಲು ಬರುತ್ತೇನೆ ಅಂದರೆ ಆ ನಡುವಿನವರು "ಮಾಲಕರು ಹೊಲದಾಗ ಇರ್ತಾರ್ರಿ, ಸಂಜಿಗೇ ಬರ್ರಿ" ಎಂದಿದ್ದರು. ಅದು ಯಾಕೆ ಅಂತ ಈಗ ಅರ್ಥವಾಗಿದೆ. ಹೊರಗಿನಿಂದ ಬಂದೂಕು ಕಣ್ಣು ಕುಕ್ಕುವ ಹಾಗಿತ್ತು. ಬಟ್ಟಿನ ಕಟ್ಟಿಗೆಗೆ ಹೊಸ ಪಾಲಿಶ್, ಕಬ್ಬಿಣಕ್ಕೆ ಕರಿನೀಲಿ ಬಣ್ಣ. ಯಜಮಾನರು ಬಂದೂಕನ್ನು ತಾವೇ ಹಿಡಿದುಕೊಂಡು ತುದಿಯನ್ನು ನನ್ನ ಕಡೆ ತೋರಿಸಿದರು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಒಳಗೆ ಮಿಂಚುತ್ತಿತ್ತು. "ಕನ್ನಡಿ ಐತ್ರಿ ಒಳಗ, ಕನ್ನಡಿ" ಎಂದರು. ಈ ಮಾತು ನೆನಪಿಟ್ಟುಕೊಳ್ಳಿ.

ಬೋಲ್ಟ್ ತೆಗೆಯಿರಿ, ಹಿಂದಿನಿಂದ ನೋಡುತ್ತೇನೆ ಎಂದೆ. "ಬ್ಯಾಡ್ರಿ ಸಾಹೇಬ್ರ, ನಮ್ಮಪ್ಪಾರ ಕೈಯಾಗಿನ ಸೆಟ್ಟಿಂಗ್ ಅದು, ತೆಗದ್ರ ಕೆಡ್ತೈತಿ." ಈ ಜಾತಿಯ ರೈಫಲ್ಲಿನಲ್ಲಿ ಬೋಲ್ಟ್ ಹಿಂದಕ್ಕೆ ಎಳೆದು, ಅದರ ಮೂತಿ ಮೇಲೆತ್ತಿದರೆ ಕೈಗೆ ಬರುತ್ತದೆ! ಹಾಗಾದರೆ ಒಂದು ಒಣ ಬಟ್ಟೆಯನ್ನಾದರೂ ಎಳೆಯೋಣ ಎಂದೆ. "ದಸರಾದಾಗ ಆಯುಧಪೂಜಾ ಮಾಡಿ ಎಣ್ಣಿ ಹಾಕಿಟ್ಟೀವಿ, ಈಗ ಯಾಕ ಕೆದರೋದು?" ಹಿರಿಯರು. ಮನೆಯೊಳಗೆ ಕೂರಿಸಿ ಚಹಾ, ಚುರುಮುರಿ ಕೊಟ್ಟಿದ್ದಾರೆ. ಅವರ ಕೈಯಿಂದ ಕಿತ್ತುಕೊಂಡು ನೋಡಕ್ಕಾಗುತ್ತಾ? ಅದೇ ಅವರ ಧೈರ್ಯ. ಮೇಲೆ ಒಂದು ಟಾರ್ಗೆಟ್ ಕಾಗದ ತಂದು ತೋರಿಸಿದರು. ತೂತುಗಳೆಲ್ಲ ಒಂದೇ ಕಡೆ, ಹೆಬ್ಬೆರಳಿನ ಅಗಲದಲ್ಲಿ. "ಇದರಾಗ ಹೊಡದದ್ದು ನೋಡ್ರಿ. ಬೇಕಾದ್ರ ನೀವ ಇಟ್ಗೋರಿ ಕಾಗದ." ಇಟ್ಟುಕೊಂಡೆ. ಮುಂಗಡ ಕೊಟ್ಟೆ.

ಇಬ್ಬರಿಗೂ ಲೈಸನ್ಸ್ ಇದ್ದರೂ ಕೈಯಿಂದ ಕೈಗೆ ಮಾರುವ ಹಾಗಿಲ್ಲ ಅಲ್ವಾ. ಮಾರುವವರು ಡಿಸಿಗೋ ಪೊಲೀಸ್ ಠಾಣೆಗೋ ಬರೆದು ತಿಳಿಸಬೇಕು, 45 ದಿನ ಕಾಯಬೇಕು. ಅಷ್ಟು ದಿನವೂ ನಡುವಿನವರದ್ದು ಒಂದೇ ರಾಗ: "ಬೇರೆ ಪಾರ್ಟಿ ಕೇಳಾಕತ್ತಾರ್ರಿ, ಬಾಕಿ ರೊಕ್ಕ ಲಗೂನ ಮುಟ್ಟಿಸ್ರಿ." ಕಾಗದಪತ್ರ ಮುಗಿದು ಬಂದೂಕು ಕೈಗೆ ಬರುವಷ್ಟರಲ್ಲಿ ಪೂರ್ತಿ ಹಣ ಅವರ ಕೈ ಸೇರಿತ್ತು.

ಬೆಳಗಾವಿಯಲ್ಲಿ ನಮಗೆ ಗೊತ್ತಿರುವ ಒಬ್ಬ ಹಿರಿಯ ರಿಪೇರಿಯವರಿದ್ದಾರೆ. ನಾವೆಲ್ಲ ಕಾಕಾ ಅಂತಲೇ ಕರೆಯುತ್ತೇವೆ. ಹೆಮ್ಮೆಯಿಂದ ಅವರ ಮೇಜಿನ ಮೇಲೆ ಇಟ್ಟೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಕಾಕಾ ಮಾತಾಡುತ್ತಲೇ ಬೋಲ್ಟ್ ತೆಗೆದು ಪಕ್ಕಕ್ಕಿಟ್ಟರು. ಅಷ್ಟು ಸಲೀಸು. ಹಿಂದಿನಿಂದ ಸರಳು ಹಾಕಿ ಒಂದು ಬಿಳಿ ಬಟ್ಟೆಯ ತುಂಡು ತಳ್ಳಿದರು. ಮುಂದಿನಿಂದ ಬಂದದ್ದು ಗಟ್ಟಿ ಗ್ರೀಸು, ಕಂದು ಬಣ್ಣದ್ದು. ಎಣ್ಣೆಯಲ್ಲ, ಗ್ರೀಸು! ಎರಡನೇ ಬಟ್ಟೆಯ ಜೊತೆ ತುಕ್ಕಿನ ಚೂರುಗಳು ಉದುರಿದವು. ಮೂರನೆಯದೂ ಕೆಂಪು. ಅಂಗಡಿಯಲ್ಲಿ ಮಾತು ನಿಂತಿತು.

"ಬಾ ಇಲ್ಲಿ, ನೀನ ನೋಡು" ಎಂದು ಬಾಗಿಲ ಬೆಳಕಿಗೆ ಹಿಡಿದರು. ಗುಂಡನ್ನು ತಿರುಗಿಸಿ ನೇರ ಕಳಿಸುವ, ಸುತ್ತಿಕೊಂಡು ಹೋಗುವ ರೈಫ್ಲಿಂಗ್ ಗೆರೆಗಳು ಚೂಪಾಗಿ ಕಾಣಬೇಕು. ಕಾಡತೂಸು ಕೂರುವ ಹಿಂದಿನ ಬಾಯಿಯ ಹತ್ತಿರ ಗೆರೆಗಳೇ ಇರಲಿಲ್ಲ, ನುಣ್ಣಗೆ ತಿಂದುಹೋಗಿತ್ತು. ನಡುವೆ ಉದ್ದಕ್ಕೂ ಗೆದ್ದಲು ತಿಂದ ಹಲಗೆಯ ಹಾಗೆ ಕುಳಿಗಳು. ತುದಿಯಿಂದ ಒಂದು ಗೇಣು ಒಳಗೆ ಒಂದು ಕಪ್ಪು ಉಂಗುರ. ಆ ಉಂಗುರವೇ ಎಲ್ಲಕ್ಕಿಂತ ಕೆಟ್ಟದ್ದು. ಯಾವಾಗಲೋ ಬ್ಯಾರಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದ್ದಾಗ ಹೊಡೆದಿದ್ದಾರೆ, ಒಳಗಿನಿಂದ ಉಬ್ಬಿದೆ. ಹೊರಗೆ ಅದೇ ಜಾಗದಲ್ಲಿ ಸ್ಟೀಲ್ ಪಟ್ಟಿ ಇಟ್ಟು ತೋರಿಸಿದರು. ಎರಡೂ ಕಡೆ ಸಂದಿಯಲ್ಲಿ ಬೆಳಕು ಕಂಡಿತು. ಬಣ್ಣ ಹಾಕುವ ಮೊದಲು ಉಜ್ಜಿ ಉಜ್ಜಿ ಅದನ್ನು ಮುಚ್ಚಲು ನೋಡಿದ್ದಾರೆ. ಉಜ್ಜಿದ ಹೊಡೆತಕ್ಕೆ ಕಂಪನಿಯ ಅಕ್ಷರಗಳೂ ಅರ್ಧ ಅಳಿಸಿವೆ.

ಆಮೇಲೆ ಕಾಕಾ ಮದ್ದಿಲ್ಲದ ಒಂದು ಡಮ್ಮಿ ಕಾಡತೂಸನ್ನು ತಲೆಕೆಳಗಾಗಿ ಬ್ಯಾರಲ್ ತುದಿಗೆ ಇಳಿಸಿದರು. ಚೆನ್ನಾಗಿರುವ ಬ್ಯಾರಲ್ಲಿನಲ್ಲಿ ಗುಂಡು ಸ್ವಲ್ಪ ಹೋಗಿ ತಡೆದು ನಿಲ್ಲುತ್ತದೆ. ಇದರಲ್ಲಿ ಹಿತ್ತಾಳೆಯ ಕೊಳವೆ ಬಂದು ತುದಿಗೆ ತಾಗಿತು. ತಡೆಯೇ ಇಲ್ಲ. ಬರೀ ತುದಿ ಸವೆದಿದ್ದರೂ ಹೀಗಾಗಬಹುದು, ಹಗ್ಗ ಎಳೆದು ತೊಳೆಯುವವರ ಬಂದೂಕಿನಲ್ಲಿ ತುದಿ ಮೊದಲು ಹೋಗುತ್ತದೆ. ಆದರೆ ಇಲ್ಲಿ ಎರಡೂ ಕಡೆ ಹೋಗಿದೆ.

ಜೇಬಿನಲ್ಲಿದ್ದ ಟಾರ್ಗೆಟ್ ಕಾಗದ ತೆಗೆದು ತೋರಿಸಿದೆ. ಕಾಕಾ ಏನೂ ಹೇಳಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದು ಒಂದು ತೂತಿಗೆ ಹಾಕಲು ಹೋದರು. ಹೋಗಲಿಲ್ಲ. 315ರ ಗುಂಡು ಅಂದರೆ 8 ಮಿಲಿಮೀಟರ್, ಪೆನ್ಸಿಲ್ಲಿಗಿಂತ ದಪ್ಪ. ಅವು 4.5 ಮಿಲಿಮೀಟರಿನ ಏರ್‌ಗನ್ ಛರ್ರೆಯ ತೂತುಗಳು. ನಕ್ಕರು ಯಾರೋ ಹಿಂದಿನಿಂದ. ಆ ನಗು ಈಗಲೂ ಕಿವಿಯಲ್ಲಿದೆ.

ಇಷ್ಟು ಯಾಕೆ ಹಾಳಾಯಿತು ಅಂತ ಕಾಕಾ ಹೇಳಿದರು. ಹಳೇ ಇಂಗ್ಲಿಷ್ ಕಾಡತೂಸುಗಳಲ್ಲಿ ಕಾರ್ಡೈಟ್ ಮದ್ದು, ಭಯಂಕರ ಬಿಸಿ, ಹಿಂದಿನ ಬಾಯಿಯನ್ನು ಬೇಗ ತಿನ್ನುತ್ತದೆ. ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸುಟ್ಟು ಉಪ್ಪಾಗಿ ಒಳಗೆ ಕೂರುತ್ತದೆ, ಆ ಉಪ್ಪು ಗಾಳಿಯ ತೇವ ಎಳೆದು ತುಕ್ಕು ತರುತ್ತದೆ. ಎಣ್ಣೆಗೆ ಅದು ಹೋಗಲ್ಲ, ನೀರಿಗೇ ಕರಗಬೇಕು. ಅದಕ್ಕೇ ಹಿಂದಿನವರು ಹೊಡೆದ ದಿನವೇ ಕುದಿಯುವ ನೀರು ಸುರಿದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಈ ಮನೆಯಲ್ಲಿ ಯಾರೂ ಆ ಕೆಲಸ ಮಾಡಿಲ್ಲ. "ಇದನ್ನ ಹೊಡೀಬ್ಯಾಡ, ಗ್ವಾಡಿಗೆ ತೂಗುಹಾಕು" ಎಂದರು.

ಅಂಗಡಿಯಿಂದಲೇ ಫೋನ್ ಮಾಡಿದೆ. ಯಜಮಾನರ ಉತ್ತರ ಕೇಳಿ: "ನೂರು ವರ್ಷದ ಬಂದೂಕರೀ ಅದು, ಒಳಗ ಹೊಸಾದು ಇರ್ತೈತೇನು?" ಮತ್ತೆ ಕನ್ನಡಿ ಅಂದಿರಲ್ಲ? "ಕನ್ನಡಿನೂ ಹಳೇದಾಗ್ತೈತಿ." ಇದು ಉತ್ತರವಾ? ಗ್ರೀಸ್ ಯಾಕೆ ತುಂಬಿದ್ದಿರಿ ಎಂದೆ. "ಗ್ರೀಸ್ ಹಚ್ಚೋದು ತಪ್ಪೇನ್ರಿ? ನೀವು ನೋಡೇ ರೊಕ್ಕ ಕೊಟ್ಟೀರಿ." ಟಾರ್ಗೆಟ್ ಕಾಗದದ ಮಾತು ಎತ್ತಿದ ಕೂಡಲೇ ಫೋನ್ ಮಗನ ಕೈಗೆ ಹೋಯಿತು. "ಅಪ್ಪಾಜಿಗೆ ಬಿಪಿ ಐತ್ರಿ, ಬಂದೂಕಿನ ವಿಷಯ ಎತ್ತಬ್ಯಾಡ್ರಿ." ನಡುವಿನವರು ಇನ್ನೂ ಮುಂದೆ. "ನಂದೇನೈತ್ರಿ ಇದರಾಗ, ಇಬ್ರನ್ನ ಕೂಡಿಸಿದೆ ಅಷ್ಟ. ಬ್ಯಾರಲ್ ಬದಲಿ ಮಾಡಿಸ್ಕೋರಿ." ಬ್ಯಾರಲ್ ಏನು ಸೈಕಲ್ ಟ್ಯೂಬಾ? ಅದಕ್ಕೂ ನಂಬರ್ ಇದೆ, ಲೈಸನ್ಸಿನಲ್ಲಿ ದಾಖಲಾಗಿದೆ. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಮಿಷನ್ ತೆಗೆದುಕೊಳ್ಳುವಾಗ ಮಾತ್ರ ಅವರದ್ದೂ ಪಾಲಿತ್ತು.

ಸಂಕಟ ಇಷ್ಟಕ್ಕೇ ಮುಗಿದಿಲ್ಲ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು. ಅದರಲ್ಲಿ ಒಂದು ಜಾಗವನ್ನು ಈ ಹೊಡೆಯಲಾಗದ ಕಬ್ಬಿಣ ಹಿಡಿದು ಕೂತಿದೆ. ಮಾರೋಣ ಅಂದರೆ ನಾನೂ ಇನ್ನೊಬ್ಬರಿಗೆ ಗ್ರೀಸ್ ತುಂಬಿ ತೋರಿಸಬೇಕು. ಅದು ನನ್ನಿಂದ ಆಗಲ್ಲ.

ಹಗಲು ಹೊತ್ತಿನಲ್ಲೇ ಹೋಗಿ. ಬೋಲ್ಟ್ ತೆಗೆಯಲು ಬಿಡದವರ ಮನೆಯಲ್ಲಿ ಚಹಾ ಕೂಡ ಕುಡಿಯಬೇಡಿ, ಎದ್ದು ಬನ್ನಿ. ಒಣ ಬಟ್ಟೆ ಎಳೆಯಿರಿ, ಬಟ್ಟೆ ಬಿಳಿಯಾಗಿ ಬರುವವರೆಗೆ ಎಳೆಯಿರಿ, ಆಮೇಲೆ ಎರಡೂ ಕಡೆಯಿಂದ ನೋಡಿ. ಕಪ್ಪು ಉಂಗುರ ಕಂಡರೆ ರೇಟು ಚೌಕಾಶಿ ಮಾಡಲೂ ನಿಲ್ಲಬೇಡಿ. ಬ್ಯಾರಲ್ಲು, ಬಾಡಿ, ಬೋಲ್ಟ್ ಮೂರರ ನಂಬರನ್ನೂ ಅವರ ಲೈಸನ್ಸಿನ ಜೊತೆ ತಾಳೆ ನೋಡಿ. ಗೊತ್ತಿರುವ ರಿಪೇರಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಪೆಟ್ರೋಲು, ಊಟದ ಖರ್ಚು ಎಷ್ಟಾದರೂ ಆಗಲಿ.

ಇದೇ ನಡುವಿನವರು ಈಗ ಬೈಲಹೊಂಗಲ ಕಡೆ ಒಂದು ಹಳೇ ಜೋಡುನಳಿಗೆ ತೋರಿಸುತ್ತಿದ್ದಾರೆ ಎಂದು ಗೆಳೆಯರಿಂದ ತಿಳಿಯಿತು. ಅದನ್ನೂ ಸಂಜೆ ಹೊತ್ತಿಗೇ ತೋರಿಸುತ್ತಾರಂತೆ, ಅದಕ್ಕೂ ಹೊಸ ಕರಿನೀಲಿ ಬಣ್ಣವಂತೆ. ನಿಮ್ಮನ್ನೂ ಕರೆದಿದ್ದರೆ ಮುಂಗಡ ಕೊಡುವ ಮೊದಲು ನನಗೆ ಮೆಸೇಜ್ ಮಾಡಿ. ನಾನೇ ಬಟ್ಟೆ, ಸರಳು ತೆಗೆದುಕೊಂಡು ನಿಮ್ಮ ಜೊತೆ ಬರುತ್ತೇನೆ.