ಆರ್‌ಎನ್‌ನಾಯ್ಸ್: ಫ್ಯಾನ್ ಸದ್ದಿಗೆ ಸೈ, ತಂಬೂರಿಗೆ ಬೇಡ

ಮಾತಿನ ಹಿಂದಿನ ಗದ್ದಲ ತೆಗೆಯುವ ಆರ್‌ಎನ್‌ನಾಯ್ಸ್, ಓಪಸ್ ಕೋಡೆಕ್ (ಧ್ವನಿಯನ್ನು ಕುಗ್ಗಿಸುವ ವಿಧಾನ) ಖ್ಯಾತಿಯ ಜಾನ್-ಮಾರ್ಕ್ ವಾಲಿನ್ 2017ರಲ್ಲಿ ಹೊರತಂದ ಉಚಿತ ತಂತ್ರಾಂಶ. ಧ್ವನಿಯನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ, ಪ್ರತಿ ತುಂಡನ್ನು ಆವರ್ತನ ಪಟ್ಟಿಗಳಾಗಿ (ಮೂಲ ಆವೃತ್ತಿಯಲ್ಲಿ 22) ಒಡೆದು, ಯಾವ ಪಟ್ಟಿಯನ್ನು ಎಷ್ಟು ತಗ್ಗಿಸಬೇಕೆಂದು ಪುಟ್ಟ ನ್ಯೂರಲ್ ನೆಟ್‌ವರ್ಕ್ ನಿರ್ಧರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಸಾಕು.

ರೆಕಾರ್ಡಿಂಗ್, ನೇರಪ್ರಸಾರಕ್ಕೆ ಬಳಸುವ ಓಬಿಎಸ್ ತಂತ್ರಾಂಶದಲ್ಲಿ ಮೈಕ್‌ನ ಫಿಲ್ಟರ್ ಪಟ್ಟಿಗೆ ನಾಯ್ಸ್ ಸಪ್ರೆಶನ್ ಸೇರಿಸಿ, ವಿಧಾನದಲ್ಲಿ ಆರ್‌ಎನ್‌ನಾಯ್ಸ್ ಆರಿಸಿ. ಕಂಪ್ರೆಸರ್ (ಜೋರು-ಮೆಲುದನಿಗಳ ಅಂತರ ತಗ್ಗಿಸುವ ಫಿಲ್ಟರ್) ಇದ್ದರೆ ಅದಕ್ಕಿಂತ ಮೇಲಿಡಿ. ಕಂಪ್ರೆಸರ್ ಮೊದಲು ಬಂದರೆ ಮಾತಿನ ನಡುವಿನ ಗದ್ದಲವನ್ನೇ ಎತ್ತಿ ಕೊಡುತ್ತದೆ.

ಮೊದಲೇ ರೆಕಾರ್ಡ್ ಆದ ಕಡತಕ್ಕೆ, ಆಡಿಯೊ-ವಿಡಿಯೊ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಇದೇ ತಂತ್ರ ಬಳಸುವ ಎಆರ್‌ಎನ್‌ಎನ್‌ಡಿಎನ್ (arnndn) ಫಿಲ್ಟರ್ ಇದೆ. ನ್ಯೂರಲ್ ನೆಟ್‌ವರ್ಕ್ ಕಲಿತದ್ದನ್ನು ಹೊತ್ತ ಮಾದರಿ (ಮಾಡೆಲ್) ಕಡತವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಇದರ ಮಿಕ್ಸ್ ಆಯ್ಕೆಯೇ ನಮಗೆ ಅಚ್ಚುಮೆಚ್ಚು. ಮೌಲ್ಯ 1 ಇಟ್ಟರೆ ಪೂರ್ತಿ ಶುದ್ಧಿ, -1 ಇಟ್ಟರೆ ತೆಗೆದುಹಾಕಿದ ಸದ್ದು ಮಾತ್ರ ಕೇಳುತ್ತದೆ. ಆ ಕಸದಲ್ಲಿ ‘ಸ’, ‘ಶ’ಗಳ ಚೂರು ಕೇಳಿಸಿದರೆ ಮೌಲ್ಯವನ್ನು 0.8ರ ಆಸುಪಾಸಿಗೆ ಇಳಿಸಿ. ಸ್ವಲ್ಪ ಗುಂಯ್ ಉಳಿದರೂ ಮಾತು ಸಹಜವಾಗಿರುತ್ತದೆ.

ಫ್ಯಾನು, ಎಸಿಗಳಂಥ ಒಂದೇ ಸಮನೆಯ ಸದ್ದಿಗೆ ಇದು ನಿಜಕ್ಕೂ ಗಟ್ಟಿಗ. ಪಕ್ಕದ ಕೋಣೆಯ ಟಿವಿ ವಾರ್ತೆಗೆ ಅಷ್ಟಕ್ಕಷ್ಟೆ, ಅದೂ ಮಾತೇ ತಾನೆ! ಖಾಲಿ ಕೋಣೆಯ ಪ್ರತಿಧ್ವನಿ, ಮೈಕ್ ತಾಳಲಾರದಷ್ಟು ಜೋರಾಗಿ ಸೀಳಿದ ಧ್ವನಿ ಇದರ ಕೈಗೆ ಸಿಗುವುದಿಲ್ಲ. ಸಂಗೀತಕ್ಕಂತೂ ಬಳಸಲೇಬೇಡಿ: ಮಾತು ಉಳಿಸಲು ಕಲಿತ ಮಾದರಿಯಾದ್ದರಿಂದ ತಂಬೂರಿಯ ಶ್ರುತಿಯನ್ನೂ ಗದ್ದಲವೆಂದು ಒರೆಸಿಬಿಡಬಹುದು.